ಮನೆಯಂಗಳದಲ್ಲಿ ಬೈಕನ್ನು ಜಾಕಿಗೆ ಏರಿಸುವುದು: ಹೊಸಬರಿಗೆ ಹಂತ ಹಂತವಾಗಿ

ಗುಂಡ್ಲುಪೇಟೆಯಿಂದ ಊಟಿಗೆ ಹೊರಟರೂ ಸುಲ್ತಾನ್ ಬತ್ತೇರಿಗೆ ಹೊರಟರೂ ಬಂಡೀಪುರದ ಕಾಡು ದಾಟಲೇಬೇಕು. 2009ರಿಂದ ಆ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್; ಹಗಲಲ್ಲೂ ಕಾಡಿನ ನಡುವೆ ಗಾಡಿ ನಿಲ್ಲಿಸುವಂತಿಲ್ಲ. ಸಡಿಲವಾದ ಚೈನು ಅಲ್ಲೇ ಕಳಚಿಕೊಂಡರೆ ಆನೆ ಓಡಾಡುವ ದಾರಿಯಲ್ಲಿ ಪಾನಾ ಹಿಡಿದು ಕೂರಬೇಕು. ಚೈನು, ಬ್ರೇಕು, ಚಕ್ರದ ಬೇರಿಂಗು ಇವನ್ನೆಲ್ಲ ಹೊರಡುವ ಮುನ್ನ ಮನೆಯಲ್ಲೇ ನೋಡಿಕೊಳ್ಳಬೇಕು. ಅದಕ್ಕೆ ಚಕ್ರ ನೆಲ ಬಿಟ್ಟು ತಿರುಗಬೇಕು.

ಹಂತ 1: ಜಾಕಿ ಬೇಕೇ?
ನಿಮ್ಮ ಗಾಡಿಗೆ ಡಬಲ್ ಸ್ಟ್ಯಾಂಡ್ ಇದ್ದರೆ ಚೈನಿನ ಕೆಲಸಕ್ಕೆ ಜಾಕಿ ಬೇಡ, ದುಡ್ಡು ಉಳಿಸಿ. ಡಬಲ್ ಸ್ಟ್ಯಾಂಡ್ ಇಲ್ಲದ ಗಾಡಿಗೆ, ಇಲ್ಲವೇ ಮುಂದಿನ ಚಕ್ರ ಎತ್ತುವುದಕ್ಕೆ ಮಾತ್ರ ಇದು ಬೇಕಾಗುತ್ತದೆ. ಕೊಳ್ಳುವುದಾದರೆ ಬೈಕಿಗೆಂದೇ ಮಾಡಿದ ಕತ್ತರಿ ಜಾಕಿ ಕೊಳ್ಳಿ. ಅದರ ತಲೆ ಅಗಲವಾಗಿ, ಚಪ್ಪಟೆಯಾಗಿ ಇರುತ್ತದೆ, ಮೇಲೆ ರಬ್ಬರ್ ಇರುತ್ತದೆ. ಕಾರಿನ ಜಾಕಿಯ ತಲೆ ಕಿರಿದು. ಅದರ ಮೇಲೆ ಬೈಕು ನಿಲ್ಲುವುದಿಲ್ಲ, ಮಗುಚುತ್ತದೆ. ಎಷ್ಟು ಭಾರ ತಡೆಯುತ್ತದೆ ಎಂದು ಜಾಕಿಯ ಮೇಲೆ ಬರೆದಿರುತ್ತದೆ. ಸ್ಪ್ಲೆಂಡರ್ ಸುಮಾರು 112 ಕಿಲೋ, ಕ್ಲಾಸಿಕ್ 350 ಸುಮಾರು 195 ಕಿಲೋ. ಅದಕ್ಕಿಂತ ಬಹಳ ಹೆಚ್ಚು ತಡೆಯುವಂಥದ್ದೇ ಇರಲಿ.

ಹಂತ 2: ನೆಲ
ಚಾಮರಾಜನಗರದ ಕರಿಕಲ್ಲಿಗೆ ದೊಡ್ಡ ಹೆಸರಿದೆ, ನಮ್ಮ ಕಡೆ ಮನೆ ಮುಂದೆ ಪಾಲಿಶ್ ಗ್ರಾನೈಟ್ ಹಾಸಿದವರೂ ಬಹಳ. ಜಾಕಿ ಅದರ ಮೇಲೆ ಜಾರುತ್ತದೆ. ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ. ಮಣ್ಣಿನ ಅಂಗಳವಾದರೆ, ಅದರಲ್ಲೂ ಮಳೆ ಬಿದ್ದ ಎರೆಮಣ್ಣಾದರೆ, ಜಾಕಿಯ ಒಂದು ಮೂಲೆ ಇಳಿದು ಗಾಡಿ ವಾಲುತ್ತದೆ. ಅಗಲವಾದ ದಪ್ಪ ಹಲಗೆ ಹಾಕಿ ಅದರ ಮೇಲೆ ಜಾಕಿ ಇಡಿ. ಗೇಟಿನ ಇಳಿಜಾರಿನಲ್ಲಿ ಈ ಕೆಲಸ ಬೇಡವೇ ಬೇಡ.

ಹಂತ 3: ಎತ್ತುವ ಮುನ್ನ
ಸೈಲೆನ್ಸರ್ ತಣಿಯಲಿ. ಚಕ್ರ ಬಿಚ್ಚುವುದಿದ್ದರೆ ಆಕ್ಸಲ್ ನಟ್ಟನ್ನು ಗಾಡಿ ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ. ಬಿಗಿಯಾದ ನಟ್ಟು ಬಿಡಿಸಲು ಮೈಭಾರವೆಲ್ಲ ಹಾಕಿ ಒತ್ತಬೇಕಾಗುತ್ತದೆ. ಎತ್ತಿದ ಮೇಲೆ ಹಾಗೆ ಒತ್ತಿದರೆ ಗಾಡಿ ಜಾಕಿಯಿಂದ ಕೆಳಗೆ.

ಒಬ್ಬರೇ ಮಾಡಬೇಡಿ. ತಮ್ಮನನ್ನೋ ಪಕ್ಕದ ಮನೆಯವರನ್ನೋ ಕರೆದು ಎಡಗಡೆ ನಿಲ್ಲಿಸಿ, ಗಾಡಿಯನ್ನು ನೆಟ್ಟಗೆ ಹಿಡಿದುಕೊಳ್ಳಲು ಹೇಳಿ.

ಹಂತ 4: ಜಾಕಿ ಎಲ್ಲಿ ಕೂರಬೇಕು
ಕೆಲಸದ ಜೀವವೇ ಇಲ್ಲಿದೆ, ಅವಸರ ಮಾಡಬೇಡಿ. ಟಾರ್ಚ್ ಹಾಕಿ ಗಾಡಿಯ ಅಡಿ ನೋಡಿ. ಕೆಲವು ಗಾಡಿಗಳಲ್ಲಿ ಎಂಜಿನ್ನಿನ ಕೆಳಗೆ ಫ್ರೇಮಿನ ಎರಡು ಪೈಪುಗಳು ಹಾದುಹೋಗಿರುತ್ತವೆ. ಜಾಕಿಯ ರಬ್ಬರು ಆ ಎರಡೂ ಪೈಪುಗಳಿಗೆ ಒಟ್ಟಿಗೆ ತಾಗಬೇಕು. ಇನ್ನು ಕೆಲವದರಲ್ಲಿ ಕೆಳಗೆ ಫ್ರೇಮೇ ಇರುವುದಿಲ್ಲ, ಎಂಜಿನ್ನೇ ತೂಗಿಕೊಂಡಿರುತ್ತದೆ. ಅಂಥ ಗಾಡಿಯಲ್ಲಿ ಎಲ್ಲಿ ಎತ್ತಬಹುದೆಂದು ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ನೋಡಿ, ಇಲ್ಲವೇ ನಿಮ್ಮ ಮೆಕ್ಯಾನಿಕ್ಕನ್ನು ಕೇಳಿ. ಹಿಂದಿನ ಚಕ್ರದ ಕೆಲಸಕ್ಕಷ್ಟೇ ಆದರೆ ಸ್ವಿಂಗ್ ಆರ್ಮ್‌ಗೆ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳಿಗೆ) ಹಾಕುವ ಪ್ಯಾಡಕ್ ಸ್ಟ್ಯಾಂಡೇ ಅದಕ್ಕೆ ಮೇಲು. ಯಾವ ಗಾಡಿಯೇ ಆಗಲಿ, ಸೈಲೆನ್ಸರ್ ಪೈಪು, ಆಯಿಲ್ ಡ್ರೈನ್ ಬೋಲ್ಟು, ಆಯಿಲ್ ಫಿಲ್ಟರಿನ ಮುಚ್ಚಳ ಇವುಗಳ ಮೇಲೆ ಭಾರ ಬೀಳಬಾರದು.

ಮುಂದಿನ ಚಕ್ರ ಏಳಬೇಕಾದರೆ ಜಾಕಿಯನ್ನು ತುಸು ಮುಂದಕ್ಕೆ ಸರಿಸಿ, ಹಿಂದಿನದು ಏಳಬೇಕಾದರೆ ತುಸು ಹಿಂದಕ್ಕೆ. ಕಲಿಯುವವರು ಎರಡೂ ಚಕ್ರ ಎತ್ತಲು ಹೋಗಬೇಡಿ. ಒಂದು ನೆಲದಲ್ಲೇ ಇರಲಿ. ಮುಂದಿನ ಚಕ್ರ ನೆಲದಲ್ಲಿದ್ದರೆ ಬ್ರೇಕ್ ಲಿವರನ್ನು ಹಿಡಿಕೆಗೆ ಎಳೆದು ಕಟ್ಟಿ. ಹಿಂದಿನದಾದರೆ ಗೇರಿಗೆ ಹಾಕಿ, ಹಿಂದೆ ಮುಂದೆ ಇಟ್ಟಿಗೆ ಕೊಡಿ.

ಹಂತ 5: ಎತ್ತುವುದು
ಬಲಗಡೆ ಕೂತು ಸ್ಕ್ರೂ ನಿಧಾನವಾಗಿ ತಿರುಗಿಸಿ. ಜಾಕಿ ತಾಗಿದ ಕೂಡಲೇ ನಿಲ್ಲಿಸಿ ಇನ್ನೊಮ್ಮೆ ಬಗ್ಗಿ ನೋಡಿ. ಚಕ್ರ ಎರಡು ಬೆರಳಿನಷ್ಟು ಎದ್ದರೆ ಸಾಕು. ಎತ್ತರ ಹೆಚ್ಚಿದಷ್ಟೂ ಓಲಾಟ ಹೆಚ್ಚು. ಈಗ ಫ್ರೇಮನ್ನೂ ಜಾಕಿಯನ್ನೂ ಬೆಲ್ಟಿನಿಂದ ಸೇರಿಸಿ ಕಟ್ಟಿ, ಹ್ಯಾಂಡಲ್ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಅಲುಗಿದರೆ ಇಳಿಸಿ, ಮತ್ತೆ ಮೊದಲಿಂದ. ಅಲುಗದಿದ್ದರೆ ಮಾತ್ರ ಪಾನಾ ಮುಟ್ಟಿ. ಗಾಡಿಯ ಅಡಿಗೆ ತಲೆಯನ್ನಾಗಲಿ ಕೈಯನ್ನಾಗಲಿ ತೂರಿಸಬೇಡಿ, ಮಕ್ಕಳನ್ನು ದೂರವಿಡಿ.

ಹಂತ 6: ಕೆಲಸ
ಚೈನು ಒರೆಸುವಾಗ ನ್ಯೂಟ್ರಲ್‌ನಲ್ಲಿಟ್ಟು ಚಕ್ರವನ್ನು ಕೈಯಲ್ಲೇ ತಿರುಗಿಸಿ. ಎಂಜಿನ್ ಸ್ಟಾರ್ಟ್ ಮಾಡಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯುವವರಿದ್ದಾರೆ. ಬಟ್ಟೆ ಸ್ಪ್ರಾಕೆಟ್ಟಿಗೆ ಸಿಕ್ಕಿತೆಂದರೆ ಬೆರಳೂ ಅದರ ಹಿಂದೆಯೇ ಹೋಗುತ್ತದೆ. ದಯವಿಟ್ಟು ಮಾಡಬೇಡಿ. ಹೊಲದ ದಾರಿಯ ಕೆಸರು ಹೋಗಲು ಸೀಮೆಎಣ್ಣೆ ಸಾಕು, ಪೆಟ್ರೋಲ್ ಬೇಡ. ಒಣಗಿದ ಮೇಲೆ 90 ನಂಬರಿನ ಗೇರ್ ಆಯಿಲ್ ಹಚ್ಚಿ. ಟೈರಿಗೂ ಡಿಸ್ಕಿಗೂ ತಾಗದಿರಲಿ.

ಮುಂದಿನ ಚಕ್ರ ಎದ್ದಿದ್ದರೆ ಫೋರ್ಕಿನ ಎರಡೂ ಕಾಲುಗಳನ್ನು ಕೆಳಗಡೆ ಹಿಡಿದು ಹಿಂದೆ ಮುಂದೆ ಎಳೆದು ನೋಡಿ. ಕಟಕ್ ಎಂದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗು) ಸಡಿಲವಾಗಿದೆ, ಮೆಕ್ಯಾನಿಕ್ ಹತ್ತಿರ ಹೋಗಿ.

ಹಂತ 7: ಇಳಿಸುವುದು
ಕೆಳಗಿನ ಪಾನಾ, ಬಟ್ಟೆ ಎಲ್ಲ ತೆಗೆಯಿರಿ. ಸೈಡ್ ಸ್ಟ್ಯಾಂಡ್ ಮೊದಲೇ ಬಿಡಿಸಿ. ಜೊತೆಗಾರರು ಹಿಡಿದ ಮೇಲೆ ಬೆಲ್ಟ್ ಬಿಚ್ಚಿ ನಿಧಾನವಾಗಿ ಇಳಿಸಿ. ಆಕ್ಸಲ್ ನಟ್ಟು ಕೊನೆಯ ಬಿಗಿ ಪಡೆಯಬೇಕಾದದ್ದು ಈಗ, ಚಕ್ರ ನೆಲದ ಮೇಲಿರುವಾಗ. ಸ್ಪ್ಲಿಟ್ ಪಿನ್ ಇದ್ದರೆ ಹೊಸದು ಹಾಕಿ. ಡಿಸ್ಕ್ ಬ್ರೇಕಿನ ಚಕ್ರ ಬಿಚ್ಚಿದ್ದರೆ ಲಿವರ್ ಗಟ್ಟಿಯಾಗುವವರೆಗೆ ಒತ್ತುತ್ತಿರಿ. ಮೊದಲ ಕೆಲವು ಒತ್ತಿಗೆ ಬ್ರೇಕ್ ಹಿಡಿಯದೇ ಇರಬಹುದು. ಬೀದಿಯಲ್ಲೇ ನಿಧಾನವಾಗಿ ಒಂದು ಸುತ್ತು ಹೋಗಿ, ಎರಡೂ ಬ್ರೇಕ್ ಹಿಡಿದು ನೋಡಿ, ಬಂದು ನಟ್ಟಿಗೆ ಮತ್ತೊಮ್ಮೆ ಪಾನಾ ಕೊಡಿ.