ವೃದ್ಧಾಶ್ರಮದಲ್ಲಿ ಔಷಧ ಸುರಕ್ಷತೆ: ಒಂದೇ ಪಟ್ಟಿ, ಒಬ್ಬರ ಹೊಣೆ

ಮನೆಯಲ್ಲಿರುವ ಹಿರಿಯರು ತಮ್ಮ ಗುಳಿಗೆಗಳನ್ನು ಬಣ್ಣದಿಂದಲೂ ಆಕಾರದಿಂದಲೂ ಗುರುತಿಸಿಕೊಂಡಿರುತ್ತಾರೆ. ಬೆಳಗಿನದು ರಕ್ತದೊತ್ತಡಕ್ಕೆ, ಊಟಕ್ಕೆ ಮುಂಚಿನದು ಸಕ್ಕರೆ ಕಾಯಿಲೆಗೆ ಎಂಬುದು ಅವರಿಗೆ ರೂಢಿಯಾಗಿರುತ್ತದೆ. ಅವರೇ ವೃದ್ಧಾಶ್ರಮವನ್ನು ಸೇರಿದಾಗ ಆ ರೂಢಿ ತಪ್ಪುತ್ತದೆ. ಹತ್ತಾರು ಜನರ ಔಷಧಗಳು ಒಂದೇ ಕಪಾಟನ್ನು ಸೇರುತ್ತವೆ. ಹಗಲಿನ ಸೇವಕರು ಹೋಗಿ ರಾತ್ರಿಯವರು ಬರುತ್ತಾರೆ. ಕೊಡುವವರು ಒಬ್ಬರು, ನುಂಗುವವರು ಮತ್ತೊಬ್ಬರು. ಹೀಗಿರುವಲ್ಲಿ ಔಷಧದ ಸುರಕ್ಷತೆಯನ್ನು ನೆನಪಿಗೆ ಒಪ್ಪಿಸಲಾಗದು. ಅದು ಬರವಣಿಗೆಯ ಮೇಲೆ ನಿಲ್ಲಬೇಕು. ಪ್ರತಿಯೊಬ್ಬ ನಿವಾಸಿಗೂ ಒಂದೇ ಪಟ್ಟಿ, ಆ ಪಟ್ಟಿಗೆ ಒಬ್ಬರ ಹೊಣೆ ಎಂಬ ನಿಯಮವೇ ಇದಕ್ಕೆ ಅಡಿಗಲ್ಲು.

ಮುಪ್ಪಿನ ದೇಹದಲ್ಲಿ ಔಷಧದ ನಡೆ

ವಯಸ್ಸಾದಂತೆ ಮೂತ್ರಪಿಂಡಗಳ ಶೋಧಿಸುವ ಶಕ್ತಿ ಕುಗ್ಗುತ್ತದೆ, ಯಕೃತ್ತಿನ ಕೆಲಸ ನಿಧಾನವಾಗುತ್ತದೆ, ದೇಹದಲ್ಲಿ ನೀರಿನ ಅಂಶ ಕಡಿಮೆಯಾಗಿ ಕೊಬ್ಬಿನ ಪಾಲು ಹೆಚ್ಚುತ್ತದೆ. ಹೀಗಾಗಿ ನಲವತ್ತರ ಹರೆಯದವರಿಗೆ ಸರಿಹೊಂದುವ ಪ್ರಮಾಣವೇ ಎಂಬತ್ತರವರ ದೇಹದಲ್ಲಿ ಹೆಚ್ಚು ಕಾಲ ಉಳಿದು ಅತಿಯಾಗಬಹುದು. ಅಮೆರಿಕದ ವೃದ್ಧರೋಗ ತಜ್ಞ ಡಾ. ಮಾರ್ಕ್ ಬಿಯರ್ಸ್ ಹಾಗೂ ಅವರ ಸಹೋದ್ಯೋಗಿಗಳು 1991ರಲ್ಲಿ, ಆರೈಕೆ ಕೇಂದ್ರಗಳ ವೃದ್ಧರಿಗೆ ಸಾಮಾನ್ಯವಾಗಿ ಕೊಡದಿರುವುದೇ ಲೇಸಾದ ಔಷಧಗಳ ಪಟ್ಟಿಯನ್ನು ಪ್ರಕಟಿಸಿದರು. ಬಿಯರ್ಸ್ ಮಾನದಂಡವೆಂದು ಹೆಸರಾದ ಆ ಪಟ್ಟಿ ಕಾಲಕಾಲಕ್ಕೆ ಪರಿಷ್ಕೃತವಾಗುತ್ತ ಬಂದಿದೆ. ನಿದ್ರೆಗೆಂದು ಕೊಡುವ ಡಯಜೆಪಾಮ್, ಆಲ್ಪ್ರಜೋಲಮ್‌ಗಳು ಅದರಲ್ಲಿವೆ. ನೆಗಡಿಯ ಗುಳಿಗೆಗಳಲ್ಲಿ ಬೆರೆತಿರುವ ಕ್ಲೋರ್‌ಫೆನಿರಮಿನ್ ಕೂಡ ಇದೆ. ಇವು ಮಂಪರು, ಗೊಂದಲ ಹಾಗೂ ಬೀಳುವ ಅಪಾಯವನ್ನು ಹೆಚ್ಚಿಸುತ್ತವೆ. ಹಿರಿಯರೊಬ್ಬರು ಇದ್ದಕ್ಕಿದ್ದಂತೆ ಮರೆವಿಗೆ, ತೂಕಡಿಕೆಗೆ ಒಳಗಾದರೆ "ವಯಸ್ಸಾಯಿತಲ್ಲ" ಎಂದು ಸುಮ್ಮನಾಗದೆ, ಇತ್ತೀಚೆಗೆ ಯಾವ ಔಷಧ ಸೇರಿತು ಅಥವಾ ಬದಲಾಯಿತು ಎಂದು ಮೊದಲು ವಿಚಾರಿಸಬೇಕು.

ಆಸ್ಪತ್ರೆಯಿಂದ ಮರಳಿದ ದಿನ

ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಔಷಧಗಳಿಂದಾಗುವ ಹಾನಿಯನ್ನು ತಗ್ಗಿಸುವ ಜಾಗತಿಕ ಕಾರ್ಯಕ್ರಮವನ್ನು ಆರಂಭಿಸಿದಾಗ ಮೂರು ಸಂಗತಿಗಳಿಗೆ ಆದ್ಯತೆ ನೀಡಿತು: ಹೆಚ್ಚಿನ ಅಪಾಯದ ಔಷಧಗಳೂ ಸಂದರ್ಭಗಳೂ, ಒಬ್ಬರೇ ಅನೇಕ ಔಷಧಗಳನ್ನು ಸೇವಿಸುವುದು, ರೋಗಿ ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುವ ಸಮಯ. ವೃದ್ಧಾಶ್ರಮಗಳಲ್ಲಿ ಈ ಮೂರೂ ಕೂಡಿಬರುತ್ತವೆ.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ರಕ್ತದೊತ್ತಡಕ್ಕಾಗಿ ಆಮ್ಲೊಡಿಪಿನ್ ಸೇವಿಸುತ್ತಿದ್ದ ಅಜ್ಜಿಯೊಬ್ಬರು ಆಸ್ಪತ್ರೆಗೆ ಸೇರಿ ವಾರದ ನಂತರ ಮರಳುತ್ತಾರೆ. ಹೊಸ ಚೀಟಿಯಲ್ಲಿ ಅದೇ ಆಮ್ಲೊಡಿಪಿನ್ ಬೇರೊಂದು ಕಂಪನಿಯ ಹೆಸರಿನಲ್ಲಿದೆ. ಕಪಾಟಿನಲ್ಲಿ ಹಳೆಯದೂ ಉಳಿದಿದೆ. ಸೇವಕಿ ಎರಡನ್ನೂ ನಿಷ್ಠೆಯಿಂದ ಕೊಡುತ್ತಾಳೆ. ಕೆಲವೇ ದಿನಗಳಲ್ಲಿ ಅಜ್ಜಿಯ ಪಾದಗಳು ಊದುತ್ತವೆ. ರಾತ್ರಿ ಎದ್ದಾಗ ತಲೆ ಸುತ್ತಿ ಬಿದ್ದು ಸೊಂಟದ ಮೂಳೆ ಮುರಿಯುತ್ತದೆ. ಇಲ್ಲಿ ನಿರ್ಲಕ್ಷ್ಯ ಯಾರದೂ ಅಲ್ಲ. ಎರಡು ಚೀಟಿಗಳನ್ನು ಒಂದೆಡೆ ಇಟ್ಟು ಹೋಲಿಸುವ ಹೊಣೆ ಯಾರಿಗೂ ಇರಲಿಲ್ಲ, ಅಷ್ಟೆ.

ಆದ್ದರಿಂದ ನಿವಾಸಿ ಮರಳಿದ ದಿನವೇ ಹಳೆಯ ಪಟ್ಟಿಯನ್ನೂ ಹೊಸ ಚೀಟಿಯನ್ನೂ ವೈದ್ಯರ ಮುಂದಿಟ್ಟು, ಮುಂದುವರಿಯುವುದು ಯಾವುದು, ನಿಲ್ಲುವುದು ಯಾವುದು ಎಂದು ಬರೆಸಿಕೊಳ್ಳಬೇಕು. ನಿಂತ ಔಷಧವನ್ನು ಅಂದೇ ಕಪಾಟಿನಿಂದ ತೆಗೆಯಬೇಕು. ಪಟ್ಟಿಯಲ್ಲಿ ಕಂಪನಿಯ ಹೆಸರಿನ ಜೊತೆಗೆ ಔಷಧದ ಮೂಲ ಹೆಸರು, ಪ್ರಮಾಣ, ಹೊತ್ತು, ಯಾವ ಕಾಯಿಲೆಗೆ, ಬರೆದ ವೈದ್ಯರು ಯಾರು, ಎಂದಿನವರೆಗೆ ಎಂಬ ವಿವರಗಳಿರಬೇಕು. ಒಗ್ಗದ ಔಷಧಗಳನ್ನು ಮೇಲ್ಭಾಗದಲ್ಲಿ ಕೆಂಪು ಶಾಯಿಯಲ್ಲಿ ಬರೆಯಬೇಕು. ಕಷಾಯ, ಚೂರ್ಣ, ಲೇಹ್ಯಗಳಿಗೂ ಪಟ್ಟಿಯಲ್ಲಿ ಸ್ಥಾನವಿರಲಿ. ಕೆಮ್ಮಿಗೆ ಹಿತವೆನಿಸುವ ಜ್ಯೇಷ್ಠಮಧುವನ್ನು ಹೆಚ್ಚಾಗಿ, ಬಹಳ ದಿನ ಸೇವಿಸಿದರೆ ರಕ್ತದೊತ್ತಡ ಏರಿ ಪೊಟ್ಯಾಸಿಯಂ ಇಳಿಯುತ್ತದೆ. ಹೃದಯದ ಕಾಯಿಲೆಯವರಿಗೆ ಇದು ಸಣ್ಣ ಸಂಗತಿಯಲ್ಲ.

ಕೊಡುವ ಕ್ರಮ

ಸರಿಯಾದ ವ್ಯಕ್ತಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಸಮಯ, ಸರಿಯಾದ ಮಾರ್ಗ ಎಂಬ ಐದನ್ನು ಪ್ರತಿ ಸಲವೂ ನೋಡಿಕೊಳ್ಳಬೇಕು. ಒಂದೇ ಆಶ್ರಮದಲ್ಲಿ ಮೂವರು ಗಂಗಮ್ಮ, ಇಬ್ಬರು ಬಸಪ್ಪ ಇರುವುದು ಅಪರೂಪವಲ್ಲ. ಆದುದರಿಂದ ಪಟ್ಟಿಯ ಮೇಲೆ ಭಾವಚಿತ್ರವಿರುವುದು ಒಳಿತು. ಎಲ್ಲರ ಗುಳಿಗೆಗಳನ್ನೂ ಮೊದಲೇ ಬಿಡಿಸಿ ಬಟ್ಟಲುಗಳಲ್ಲಿ ಸಾಲಾಗಿಡುವುದು ಸಲ್ಲದು. ನುಂಗಿದ್ದನ್ನು ಕಂಡ ಮೇಲೆಯೇ ಸಹಿ ಮಾಡಬೇಕು. ನುಂಗಲಾರದವರಿಗೆಂದು ಎಲ್ಲ ಗುಳಿಗೆಗಳನ್ನೂ ಪುಡಿಮಾಡಬಾರದು. ನಿಧಾನವಾಗಿ ಕರಗುವಂತೆ ತಯಾರಿಸಿದ ಗುಳಿಗೆಯನ್ನು ಪುಡಿಮಾಡಿದರೆ ಇಡೀ ದಿನದ ಔಷಧ ಒಮ್ಮೆಗೇ ದೇಹವನ್ನು ಸೇರುತ್ತದೆ. ದ್ರವರೂಪ ಸಿಗುವುದೇ ಎಂದು ವೈದ್ಯರನ್ನು ಕೇಳಬಹುದು.

ವಿಶೇಷ ಎಚ್ಚರ ಬೇಕಾದವು

ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್‌ನಂತಹ ಗುಳಿಗೆಗಳನ್ನು ಅಥವಾ ಇನ್ಸುಲಿನ್ನನ್ನು ಪಡೆದವರು ಆಹಾರ ಬಿಟ್ಟರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಶಿವರಾತ್ರಿ, ಶ್ರಾವಣ ಸೋಮವಾರಗಳಂದು ಉಪವಾಸವಿರಬಯಸುವ ಹಿರಿಯರ ವಿಷಯದಲ್ಲಿ ಮುಂಚಿತವಾಗಿಯೇ ವೈದ್ಯರ ಸಲಹೆ ಪಡೆಯಬೇಕು. ಬೆವರು, ನಡುಕ, ತೊದಲು ಮಾತು, ಗೊಂದಲ ಕಂಡೊಡನೆ ಸಕ್ಕರೆ ಪರೀಕ್ಷಿಸಬೇಕು. ಅದು 70 ಮಿ.ಗ್ರಾಂಗಿಂತ ಕೆಳಗಿದ್ದು ಎಚ್ಚರವಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಗಳ ನಂತರ ಮತ್ತೆ ಪರೀಕ್ಷಿಸಬೇಕು. ಚೇತರಿಸಿಕೊಂಡರೂ ವೈದ್ಯರಿಗೆ ತಿಳಿಸಬೇಕು. ಈ ಗುಳಿಗೆಗಳ ಪ್ರಭಾವ ದೀರ್ಘವಾದ್ದರಿಂದ ಸಕ್ಕರೆ ಮತ್ತೆ ಇಳಿಯಬಹುದು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆಮಾಡಬೇಕು.

ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಸೇವಿಸುವ ಔಷಧ. ಅದನ್ನು ಪ್ರತಿದಿನ ಕೊಟ್ಟರೆ ಮೂಳೆಮಜ್ಜೆ ಕುಸಿದು ಪ್ರಾಣಕ್ಕೇ ಎರವಾಗಬಹುದು. ಪಟ್ಟಿಯಲ್ಲಿ "ಭಾನುವಾರ ಮಾತ್ರ" ಎಂಬಂತೆ ವಾರದ ಹೆಸರನ್ನೇ ಬರೆಯಬೇಕು. ಥೈರಾಯ್ಡ್ ಗುಳಿಗೆ ಬರಿಹೊಟ್ಟೆಗೆ. ಅದಕ್ಕೂ ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆಗಳಿಗೂ ನಾಲ್ಕು ಗಂಟೆಯ ಅಂತರವಿರಲಿ. ಮೊಣಕಾಲು ನೋವೆಂದು ಅಂಗಡಿಯಿಂದ ತಂದ ಡೈಕ್ಲೊಫೆನಾಕ್ ಮೂತ್ರಪಿಂಡಕ್ಕೂ ಜಠರಕ್ಕೂ ಹಾನಿಮಾಡಬಲ್ಲದು. ಅನುಮಾನ ಬಂದಿತೆಂದು ತಾವಾಗಿಯೇ ಔಷಧವನ್ನು ನಿಲ್ಲಿಸುವುದೂ ಅಪಾಯವೇ. ಸ್ಟೀರಾಯ್ಡ್, ಮೂರ್ಛೆರೋಗದ ಔಷಧ, ಬಹುಕಾಲ ಸೇವಿಸಿದ ನಿದ್ರೆಗುಳಿಗೆ ಮುಂತಾದವನ್ನು ವೈದ್ಯರ ಸೂಚನೆಯಂತೆ ಹಂತಹಂತವಾಗಿ ಮಾತ್ರ ನಿಲ್ಲಿಸಬೇಕು.

ಸದ್ಭಕ್ತರು ಮಾಡಬಹುದಾದುದು

ಮನೆಯಲ್ಲಿ ಉಳಿದ ಗುಳಿಗೆಗಳನ್ನು ವೃದ್ಧಾಶ್ರಮಕ್ಕೆ ಕೊಡುವ ರೂಢಿ ಕೆಲವರಲ್ಲಿದೆ. ಭಾವನೆ ದೊಡ್ಡದು, ಆದರೆ ಕತ್ತರಿಸಿದ ಪಟ್ಟಿಯಲ್ಲಿ ಹಲವು ಸಲ ಔಷಧದ ಹೆಸರಾಗಲಿ ಅವಧಿ ಮುಗಿಯುವ ದಿನಾಂಕವಾಗಲಿ ಉಳಿದಿರುವುದಿಲ್ಲ. ಅದು ಯಾವ ಬಿಸಿಲಲ್ಲಿತ್ತೋ ತಿಳಿಯದು. ಅದರ ಬದಲು ವೈದ್ಯರು ಬರೆದುಕೊಟ್ಟ ಔಷಧಗಳನ್ನು ಜನೌಷಧಿ ಕೇಂದ್ರದಿಂದ ಕೊಡಿಸುವುದು, ಶುಶ್ರೂಷಕಿಯೊಬ್ಬರ ವೇತನಕ್ಕೆ ನೆರವಾಗುವುದು, ಸಕ್ಕರೆ ಪರೀಕ್ಷಿಸುವ ಯಂತ್ರವನ್ನು ನೀಡುವುದು ಹೆಚ್ಚು ಸಾರ್ಥಕವಾದ ದಾಸೋಹ. ತಂದೆತಾಯಿಗಳನ್ನು ನೋಡಲು ಹೋಗುವವರು ಹಣ್ಣಿನ ಚೀಲದಲ್ಲಿ ಗುಳಿಗೆಗಳನ್ನಿಟ್ಟು ಅವರ ದಿಂಬಿನ ಕೆಳಗೆ ಸೇರಿಸದೆ, ತಂದ ಔಷಧವನ್ನು ಹೊಣೆಹೊತ್ತವರ ಕೈಗೇ ಕೊಟ್ಟು ಪಟ್ಟಿಯಲ್ಲಿ ಬರೆಸಬೇಕು.

ಆಶ್ರಮದ ವ್ಯವಸ್ಥಾಪಕರಿಗೂ ಒಂದು ಮಾತು. ತಪ್ಪಾಯಿತೆಂದು ತಾನಾಗಿ ಹೇಳಿದ ಸೇವಕರನ್ನು ಎಲ್ಲರೆದುರು ಗದರಿಸಿದರೆ ಮುಂದಿನ ತಪ್ಪನ್ನು ಯಾರೂ ಹೇಳುವುದಿಲ್ಲ. ಹೇಳದ ತಪ್ಪಿಗೆ ಚಿಕಿತ್ಸೆಯೂ ಇಲ್ಲ. ತಪ್ಪು ತಿಳಿದೊಡನೆ ವೈದ್ಯರಿಗೆ ತಿಳಿಸಿ, ಬರೆದಿಟ್ಟು, ಅದು ಮರುಕಳಿಸದಂತೆ ಕ್ರಮವನ್ನು ತಿದ್ದಬೇಕು. ಔಷಧದ ದುಷ್ಪರಿಣಾಮ ಕಂಡಲ್ಲಿ ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೆ ವರದಿ ಮಾಡಬಹುದು.

ಕೊನೆಯದಾಗಿ, ಆರು ತಿಂಗಳಿಗೊಮ್ಮೆಯಾದರೂ ಪ್ರತಿಯೊಬ್ಬರ ಪಟ್ಟಿಯನ್ನು ವೈದ್ಯರ ಮುಂದಿರಿಸಿ, ಒಂದೊಂದು ಔಷಧದ ಮೇಲೂ ಬೆರಳಿಟ್ಟು "ಇದು ಇಂದಿಗೂ ಬೇಕೆ?" ಎಂದು ಕೇಳಬೇಕು. ಆ ಪ್ರಶ್ನೆಯನ್ನು ತಾವೇ ಕೇಳಲಾಗದ ಹಿರಿಯರ ಪರವಾಗಿ ಕೇಳುವುದು ಅವರ ಆರೈಕೆಯನ್ನು ವಹಿಸಿಕೊಂಡ ನಮ್ಮೆಲ್ಲರ ಹೊಣೆ.