ಆಲಿಕಲ್ಲಿಗೆ ಕೊಟ್ಟಿಗೆಯ ಪತ್ರಾ ಒಡೆದರೆ: ಖರ್ಚೆಷ್ಟು, ಯಾವ ವಿಮೆಯಿಂದ ಏನು ಸಿಗುತ್ತದೆ?

ಹಲಬರ್ಗಾ, ಭಾಲ್ಕಿ, ಔರಾದ್ ಕಡೆಯ ಹಾಲು ಉತ್ಪಾದಕ ಸಹೋದರಿಯರಿಗೆ ಮಾರ್ಚ್-ಏಪ್ರಿಲ್ ಸಂಜೆಯ ಕರಿಮೋಡದ ಭಯ ಹೊಸದಲ್ಲ. 2014ರಲ್ಲಿ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ಮೇಲೆ ದಿನಗಟ್ಟಲೆ ಆಲಿಕಲ್ಲು ಬಿದ್ದಿತ್ತು. 2023ರ ಮಾರ್ಚ್‌ನಲ್ಲಿ ನಮ್ಮ ಜಿಲ್ಲೆಯ ಹೊಲಗಳು ಬಿಳಿ ಹಾಸಿದಂತೆ ಕಂಡವು. ಇಂಥ ಮಳೆಯ ಮರುದಿನ ನನಗೆ ಬರುವ ಪ್ರಶ್ನೆ ಹೆಚ್ಚಾಗಿ ಒಂದೇ: "ಡಾಕ್ಟ್ರೇ, ಆಕಳಿಗೆ ಇನ್ಶೂರೆನ್ಸ್ ಅದ, ಪತ್ರಾದ ರೊಕ್ಕ ಬರ್ತದೇನ್ರಿ?"

ಬರುವುದಿಲ್ಲ. ಜಾನುವಾರು ವಿಮೆ ಜಾನುವಾರಿನ ಜೀವಕ್ಕೆ ಮಾತ್ರ. ಆಲಿಕಲ್ಲಿನ ಪೆಟ್ಟಿಗೆ ಅಥವಾ ಮೇಲೆ ಬಿದ್ದ ತೊಲೆಗೆ ಎಮ್ಮೆ ಸತ್ತರೆ ಕ್ಲೇಮ್ ಹಾಕಬಹುದು. ಗಾಯವಾಗಿ ಎರಡು ವಾರ ಹಾಲು ಇಳಿದರೆ ಆ ನಷ್ಟ ಸಿಗುವುದಿಲ್ಲ. ಬೆಳೆ ವಿಮೆ ಬೇರೆ. ಆಲಿಕಲ್ಲಿನಿಂದ ಬೆಳೆ ಹಾಳಾದರೆ 72 ಗಂಟೆಯೊಳಗೆ ತಿಳಿಸಬೇಕು, ಆದರೆ ಅದೂ ಕೊಟ್ಟಿಗೆಗೆ ಬರುವುದಿಲ್ಲ. ಟ್ರಂಕಿನಲ್ಲಿ ಈ ಕಾಗದಗಳನ್ನೆಲ್ಲ ಒಟ್ಟಿಗೆ ಕಟ್ಟಿಟ್ಟಿರುತ್ತೇವೆ, ಗೊಂದಲ ಅಲ್ಲಿಂದಲೇ ಶುರು.

ಚಾವಣಿಗೆ ಬೇಕಾದದ್ದು ಕಟ್ಟಡದ ವಿಮೆ. 2021ರ ಏಪ್ರಿಲ್‌ನಿಂದ 'ಭಾರತ್ ಗೃಹ ರಕ್ಷಾ' ಎಂಬ ಮನೆ ವಿಮೆ ಇದೆ. ಬೆಂಕಿ, ಸಿಡಿಲು, ಬಿರುಗಾಳಿಯ ಹಾನಿ ಇದರಲ್ಲಿ ಸೇರುತ್ತದೆ. ಮನೆಯ ಜೊತೆ ದನದ ಕೊಟ್ಟಿಗೆಯೂ ತಾನಾಗಿ ಸೇರಿತು ಎಂದುಕೊಳ್ಳಬೇಡಿ. ಹಣ ಕಟ್ಟುವ ಮೊದಲೇ ಎರಡು ಮಾತು ಕೇಳಿ: ಕೊಟ್ಟಿಗೆಯ ಹೆಸರು ಪಾಲಿಸಿಯಲ್ಲಿ ಬರೆದಿದೆಯೇ? ಆಲಿಕಲ್ಲಿನ ಹಾನಿ ಸೇರಿದೆಯೇ? ಬ್ಯಾಂಕ್ ಸಾಲದಿಂದ ಶೆಡ್ ಕಟ್ಟಿದ್ದರೆ ಬ್ಯಾಂಕಿನವರೇ ವಿಮೆ ಮಾಡಿಸಿರುವುದುಂಟು. ಪಾಸ್‌ಬುಕ್‌ನಲ್ಲಿ ಪ್ರೀಮಿಯಂ ಕಡಿತವಾಗಿದೆಯೇ ನೋಡಿ.

ವಿಮೆಯೇ ಇಲ್ಲದವರಿಗೆ ಸರ್ಕಾರದ ಪ್ರಕೃತಿ ವಿಕೋಪ ಪರಿಹಾರ ಇದೆ. ಆಲಿಕಲ್ಲು ಆ ಪಟ್ಟಿಯಲ್ಲಿದೆ. 2022-23ರಿಂದ 2025-26ರ ಅವಧಿಗೆ ಕೇಂದ್ರ ನಿಗದಿಪಡಿಸಿದ ದರದಂತೆ ಸತ್ತ ಹಾಲು ಕರೆಯುವ ಆಕಳು ಅಥವಾ ಎಮ್ಮೆಗೆ 37,500 ರೂ., ಎತ್ತಿಗೆ 32,000, ಕರುವಿಗೆ 20,000. ಮನೆಗೆ ಹೊಂದಿಕೊಂಡ ಕೊಟ್ಟಿಗೆಗೆ 3,000 ರೂ. ಮಾತ್ರ. ಹೊಲದಲ್ಲಿ ಕಟ್ಟಿದ ಶೆಡ್ ಇದರಲ್ಲಿ ಬರುತ್ತದೆಯೇ ಎಂದು ತಲಾಟಿಯವರನ್ನೇ ಕೇಳಿ.

ಈಗ ಖರ್ಚಿನ ಲೆಕ್ಕ. 20 ಅಡಿ ಉದ್ದ, 12 ಅಡಿ ಇಳಿಜಾರಿನ ಚಾವಣಿ ಎಂದುಕೊಳ್ಳಿ. ಒಂದರ ಮೇಲೊಂದು ಅಂಚು ಹೊದಿಸಿದ ಮೇಲೆ ಒಂದು ಪತ್ರಾ ಸುಮಾರು 3 ಅಡಿ ಅಗಲ ಮುಚ್ಚುತ್ತದೆ, ಅಂದರೆ 7 ಪತ್ರಾ ಬೇಕು. ಒಂದಕ್ಕೆ 1,200 ಎಂದು ಹಿಡಿದರೆ 8,400. ಹುಕ್ಕು, ವಾಷರ್ 500, ಟೆಂಪೋ 500, ಇಬ್ಬರ ಕೂಲಿ 1,400. ಒಟ್ಟು 10,800. ನಿಮ್ಮ ಪೇಟೆಯ ದರ ಹಾಕಿ ಲೆಕ್ಕ ಬದಲಿಸಿಕೊಳ್ಳಿ. ಆದರೆ 3,000 ರೂ. ಎಲ್ಲಿಯವರೆಗೆ ಸಾಲುತ್ತದೆ ಎಂಬುದು ಕಾಣುತ್ತದಲ್ಲ! ಹಾಗಾಗಿ ತಗ್ಗು ಬಿದ್ದ ಕಬ್ಬಿಣದ ಪತ್ರಾಗಳನ್ನೆಲ್ಲ ಬದಲಿಸಲು ಹೋಗಬೇಡಿ. ಮಧ್ಯಾಹ್ನ ಒಳಗೆ ನಿಂತು ಮೇಲೆ ನೋಡಿ, ಬೆಳಕಿನ ಚುಕ್ಕಿ ಕಾಣದಿದ್ದರೆ ಅದು ಇನ್ನೂ ಬಾಳುತ್ತದೆ. ಸಿಮೆಂಟ್ ಪತ್ರಾ ಸೀಳಿದ್ದರೆ ಮಾತ್ರ ತೆಗೆಯಲೇಬೇಕು. ಅದರ ಧೂಳು ಪುಪ್ಪುಸಕ್ಕೆ ಕೆಟ್ಟದ್ದು. ಒಣಗಿದ್ದಾಗ ಗರಗಸದಿಂದ ಕೊಯ್ಯಬೇಡಿ, ನೀರು ಚಿಮುಕಿಸಿ ತೆಗೆಯಿರಿ.

ಪತ್ರಾಕ್ಕೆ ಕೈ ಹಚ್ಚುವ ಮೊದಲು ಫೋಟೊ. ಚಾವಣಿ ಒಳಗಿನಿಂದ, ಹೊರಗಿನಿಂದ, ಮನೆ ಕಾಣುವಂತೆ. ವಿಮಾ ಕಂಪನಿಗೆ ಅದೇ ದಿನ ಫೋನ್ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ, ಪರಿಹಾರಕ್ಕಾದರೆ ತಲಾಟಿಯವರಿಗೆ ಅರ್ಜಿ ಕೊಡಿ. ದನಗಳಿಗೆ ನೆರಳು ಬೇಕೇ ಬೇಕು, ಅದಕ್ಕೆ ತಾಡಪತ್ರಿ ಕಟ್ಟಿ. ಒಡೆದ ತುಂಡುಗಳನ್ನು ಸರ್ವೇಯರ್ ನೋಡುವವರೆಗೆ ಒಂದು ಮೂಲೆಯಲ್ಲಿಡಿ. ಖರೀದಿಯ ಪಕ್ಕಾ ಬಿಲ್ ತೆಗೆದುಕೊಳ್ಳಿ.

ಜಾನುವಾರು ಸತ್ತಿದ್ದರೆ ಹೂಳಬೇಡಿ, ಕಿವಿ ಓಲೆ ಕೀಳಬೇಡಿ. ಮೊದಲು ಪಶು ವೈದ್ಯರಿಗೂ ವಿಮಾ ಕಂಪನಿಗೂ ತಿಳಿಸಿ. ಮರಣೋತ್ತರ ಪರೀಕ್ಷೆಯ ವರದಿ ಮತ್ತು ಓಲೆಯ ಸಂಖ್ಯೆ ಪಾಲಿಸಿಗೆ ಹೊಂದಿದರೇ ಹಣ. ಓಲೆ ಬಿದ್ದುಹೋಗಿದ್ದರೆ ಇವತ್ತೇ ಹೇಳಿ, ಹೊಸದು ಹಾಕಿ ಪಾಲಿಸಿಯಲ್ಲಿ ನಮೂದಿಸೋಣ. ರಾಷ್ಟ್ರೀಯ ಜಾನುವಾರು ಮಿಷನ್ ಅಡಿ 2024ರಿಂದ ಪ್ರೀಮಿಯಂನಲ್ಲಿ ರೈತರ ಪಾಲು ಶೇ. 15 ಮಾತ್ರ.

ಹೆಸರಿನ ವಿಷಯ ಸಣ್ಣದಲ್ಲ. ಡೇರಿಗೆ ಹಾಲು ಹಾಕುವವರು ನೀವು, ಮನೆಯ ಉತಾರ ಮಾವನವರ ಹೆಸರಲ್ಲಿ. ಚಾವಣಿಯ ಪರಿಹಾರ ಉತಾರದಲ್ಲಿರುವವರಿಗೆ ಹೋಗುತ್ತದೆ. ಆದರೆ ಆಕಳ ವಿಮೆಯನ್ನು ನಿಮ್ಮ ಹೆಸರಲ್ಲಿ, ನಿಮ್ಮ ಖಾತೆಗೆ ಮಾಡಿಸಲು ಯಾರ ಅಡ್ಡಿಯೂ ಇಲ್ಲ.

ಕೊನೆಗೆ, ವೈದ್ಯರಾಗಿ ಒಂದು ಎಚ್ಚರಿಕೆ. ಪತ್ರಾ ಬದಲಿಸಿದ ಮನೆಗಳಲ್ಲಿ ಕೆಲವು ವಾರಗಳ ನಂತರ ಮೇವು ಬಿಟ್ಟ ಆಕಳನ್ನು ನೋಡಿದ್ದೇನೆ. ಬೆನ್ನು ಬಾಗಿಸಿ, ಮೊಣಕೈ ಹೊರಗೆ ಚಾಚಿ ನಿಲ್ಲುತ್ತದೆ, ಇಳಿಜಾರಿನಲ್ಲಿ ನರಳುತ್ತದೆ, ಹಾಲು ಒಮ್ಮೆಲೇ ಇಳಿಯುತ್ತದೆ. ಕಣಕಿಯ ಜೊತೆ ಹಳೆ ಮೊಳೆಯನ್ನೋ ತಂತಿಯನ್ನೋ ನುಂಗಿರುತ್ತದೆ, ಅದು ಹೊಟ್ಟೆಯಿಂದ ಗುಂಡಿಗೆಯವರೆಗೂ ಚುಚ್ಚಬಹುದು. ಕೆಲಸಗಾರರು ಹೋಗುವ ಮೊದಲು ಹಳೆ ಹುಕ್ಕುಗಳನ್ನು ಎಣಿಸಿ ಡಬ್ಬಿಗೆ ಹಾಕಿಸಿ. ಹಳೆ ಸ್ಪೀಕರಿನ ಅಯಸ್ಕಾಂತಕ್ಕೆ ಹಗ್ಗ ಕಟ್ಟಿ ಗೋದಲಿಯ ಸುತ್ತ ಎಳೆದಾಡಿ. ತೊಯ್ದ ಕಣಕಿಯನ್ನು ಬಿಸಿಲಿಗೆ ಹರವಿ, ಬೂಸ್ಟು ಹಿಡಿದದ್ದನ್ನು ತಿಪ್ಪೆಗೆ ಹಾಕಿ.