ಒಂದು ಸೆಂಟಿಮೀಟರಿಗೆ ಒಂದು ವರ್ಷ

ಕಾಲರೇಖೆಗೆ ಬೇಕಾಗುವ ಸಾಮಾನು ಬಹಳ ಇಲ್ಲ. ಹತ್ತೂಕಾಲು ಮೀಟರ್ ಸುತಳಿ, ಅಳತೆ ಟೇಪು, ರಟ್ಟಿನ ಚೀಟಿಗಳು, ಬಟ್ಟೆ ಒಣಹಾಕುವ ಕ್ಲಿಪ್ಪು. ಶಾಲೆಯ ವರಾಂಡದಲ್ಲಿ ಸುತಳಿ ಬಿಗಿಯಾಗಿ ಕಟ್ಟಿ. ಎಡತುದಿ ಕ್ರಿ.ಶ. 1000, ಒಂದು ಸೆಂಟಿಮೀಟರಿಗೆ ಒಂದು ವರ್ಷ. 1858 ಎಲ್ಲಿ ಬರುತ್ತದೆ? 8 ಮೀಟರ್ 58 ಸೆಂಟಿಮೀಟರಿನಲ್ಲಿ. ಮಕ್ಕಳಿಗೆ ಲೆಕ್ಕದ ತಾಪತ್ರಯವೇ ಇಲ್ಲ. ಚೀಟಿಗಳು ಒತ್ತೊತ್ತಾದರೆ ಒಂದರ ಕೆಳಗೊಂದು ಇಳಿಬಿಡಿ, ಆದರೆ ಪಕ್ಕಕ್ಕೆ ಮಾತ್ರ ಸರಿಸಬೇಡಿ. ಸರಿಸಿದರೆ ಮಾಡಿದ್ದೆಲ್ಲ ದಂಡ.

ಮೊದಲ ಚೀಟಿ ಗಜೇಂದ್ರಗಡದ ಹತ್ತಿರದ ಸೂಡಿಯದು. ಕಲ್ಯಾಣ ಚಾಲುಕ್ಯರ ರಾಜಕುಮಾರಿ ಅಕ್ಕಾದೇವಿ ಆಳಿದ ಊರು. ದಂಡನಾಯಕ ನಾಗದೇವ ಅಲ್ಲಿ 1060ರ ಸುಮಾರಿಗೆ ಗುಡಿ, ನಾಗಕುಂಡ ಕಟ್ಟಿಸಿದ. ಶಾಸನಗಳಲ್ಲಿ ಶಕವರ್ಷ ಇರುತ್ತದೆ; 78 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ, ವರ್ಷದ ಕೊನೆಯ ತಿಂಗಳುಗಳಾದರೆ 79.

ಎರಡನೆಯ ಚೀಟಿ 1785, ಟಿಪ್ಪುವಿನ ಸೈನ್ಯ ನರಗುಂದಕ್ಕೆ ಮುತ್ತಿಗೆ ಹಾಕಿದ ವರ್ಷ. ನಡುವೆ ಏಳು ಮೀಟರಿಗೂ ಹೆಚ್ಚು ಸುತಳಿ ಬರಿದಾಗಿ ನಿಲ್ಲುತ್ತದೆ. “ಸರ, ಇಲ್ಲಿ ಏನೂ ಆಗಿಲ್ಲೇನ್ರಿ?” ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಲಿ. ವಿಜಯನಗರದ 1336, ತಾಳಿಕೋಟೆಯ 1565, ಬಿಜಾಪುರದ ಆದಿಲಶಾಹಿ ಮುಗಿದ 1686 ಇವನ್ನು ಪುಸ್ತಕ ನೋಡಿ ತೂಗುಹಾಕಬಹುದು. ತಮ್ಮೂರಿನ ಚೀಟಿ ಬೇಕೆಂದರೆ ಊರ ಗುಡಿಯ ಶಾಸನ, ಹೊಲದ ಬದುವಿನ ವೀರಗಲ್ಲು ಹುಡುಕಿಕೊಂಡು ಹೋಗಬೇಕು.

1785ರಿಂದ ಎರಡೇ ಸೆಂಟಿಮೀಟರ್ ಆಚೆ, 1787ರಲ್ಲಿ, ಗಜೇಂದ್ರಗಡದ ಒಪ್ಪಂದ. ಮುತ್ತಿಗೆ ಒಂದೂರಿನ ಕಥೆ, ಒಪ್ಪಂದ ಇನ್ನೊಂದೂರಿನ ಕಥೆ ಎಂದುಕೊಂಡ ಹುಡುಗರು ಇಲ್ಲಿ ನಿಂತು ನೋಡುತ್ತಾರೆ. ನರಗುಂದ ಟಿಪ್ಪುವಿನ ಕೈಸೇರಿದ್ದಕ್ಕೆ ಮರಾಠರೂ ನಿಜಾಮರೂ ಒಂದಾಗಿ ಯುದ್ಧಕ್ಕೆ ಬಂದರು. ಆ ಯುದ್ಧ ಮುಗಿದದ್ದು ಈ ಒಪ್ಪಂದದಿಂದ.

ಆದರೆ ಇದೇ ಅಳತೆ 1858ಕ್ಕೆ ಸಾಲದು. ಮೇ 29ರಂದು ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನ ಕೊಲೆ, ಜೂನ್ ಮೊದಲ ದಿನಗಳಲ್ಲಿ ನರಗುಂದದ ಪತನ, ಜೂನ್ 12ರಂದು ಬೆಳಗಾವಿಯಲ್ಲಿ ನರಗುಂದದ ಬಂಡುಕೋರ ಅರಸ ಬಾಬಾಸಾಹೇಬನಿಗೆ ಗಲ್ಲು. ಹದಿನಾಲ್ಕು ದಿನ, ನಮ್ಮ ಸುತಳಿಯ ಮೇಲೆ ಅರ್ಧ ಮಿಲಿಮೀಟರೂ ಇಲ್ಲ. ಇದಕ್ಕೆ ಬೇರೆ ಸುತಳಿ ಕಟ್ಟಿ, ದಿನಕ್ಕೆ ಹತ್ತು ಸೆಂಟಿಮೀಟರ್ ಕೊಡಿ. ಒಂದು ಮೀಟರ್ ನಲವತ್ತು ಸೆಂಟಿಮೀಟರ್ ಆಗುತ್ತದೆ. ಒಂದು ಸಂಸ್ಥಾನ ಎಷ್ಟು ಬೇಗ ಮುಗಿಯಿತು ಎನ್ನುವುದು ಆಗ ಕಣ್ಣಿಗೆ ಬೀಳುತ್ತದೆ. ಪಕ್ಕದ ಬಾದಾಮಿಯ ಮರಳುಗಲ್ಲಿನದು ತದ್ವಿರುದ್ಧ ತೊಂದರೆ. ಅದು 50 ಕೋಟಿ ವರ್ಷಕ್ಕೂ ಹಳೆಯದು. ವರ್ಷಕ್ಕೊಂದು ಸೆಂಟಿಮೀಟರ್ ಹಿಡಿದರೆ ಸುತಳಿ 5,000 ಕಿ.ಮೀ. ದಾಟುತ್ತದೆ! ಮಿಲಿಮೀಟರಿಗೆ ಒಂದು ಲಕ್ಷ ವರ್ಷ ಇಟ್ಟರೆ ಐದಾರು ಮೀಟರಿನಲ್ಲಿ ಕೆಲಸ ಶುರುಮಾಡಬಹುದು, ಅಕ್ಕಾದೇವಿಯಿಂದ ಈಚಿನದೆಲ್ಲ ಮಿಲಿಮೀಟರಿನ ನೂರನೇ ಒಂದು ಪಾಲು.

ಕೈ ಪಳಗಿದ ಮೇಲೆ ಮೊದಲ ಸುತಳಿಯ ಕೆಳಗೆ ಇನ್ನೆರಡು ಕಟ್ಟಿ, ವಿಜ್ಞಾನಕ್ಕೊಂದು, ಹಾಡು-ಕಲೆಗೊಂದು. ಭೀಮಸೇನ ಜೋಶಿ ರೋಣದಲ್ಲಿ ಹುಟ್ಟಿದ್ದು 1922ರಲ್ಲಿ, ಹಾಡು ಕಲಿಯಲು ಮನೆ ಬಿಟ್ಟದ್ದು ಹನ್ನೊಂದರ ವಯಸ್ಸಿನಲ್ಲಿ. ಅಬ್ದುಲ್ ಕರೀಂ ಖಾನರ ಠುಮರಿಯ ರೆಕಾರ್ಡ್ ಕೇಳಿ ಹುಚ್ಚು ಹಿಡಿಯಿತು ಎಂದು ಹೇಳುತ್ತಾರೆ. ಹಾಗಾದರೆ ವಿಜ್ಞಾನದ ಸುತಳಿಯಲ್ಲಿ ಎಡಿಸನ್ ದನಿ ಹಿಡಿದಿಟ್ಟ 1877, ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡು ರೆಕಾರ್ಡ್ ಆದ 1902 ಇರಲೇಬೇಕು. ಈ ಮೂರಕ್ಕೂ ಮಕ್ಕಳೇ ಬಣ್ಣದ ದಾರ ಕಟ್ಟಿ ಜೋಡಿಸಲಿ.

ಬಲತುದಿಯಲ್ಲಿ ಅವಸರ ಬೇಡ. 1970ರ ದಶಕದಲ್ಲಿ ಮಲಪ್ರಭೆಯ ನೀರು ಎರೆಭೂಮಿಗೆ ಬಂತು, ಬೆನ್ನಿಗೇ ಕರದ ಬಾಕಿಯೂ ಬಂತು. 1980ರ ಜುಲೈ 21ರಂದು ನರಗುಂದದಲ್ಲಿ ರೈತರ ಬಂಡಾಯ, ಗೋಲಿಬಾರ್. 2015ರ ಜುಲೈನಲ್ಲಿ ಅದೇ ಊರಿನಲ್ಲಿ ಮಹದಾಯಿ ನೀರಿಗಾಗಿ ಧರಣಿ. ಇವನ್ನು ಕಣ್ಣಾರೆ ಕಂಡವರು ಇನ್ನೂ ಮನೆಮನೆಯಲ್ಲಿದ್ದಾರೆ. ಅಜ್ಜ ಹೇಳಿದ್ದು ಹಳದಿ ಚೀಟಿ, ದಾಖಲೆಯಲ್ಲಿ ಸಿಕ್ಕದ್ದು ಬಿಳಿ ಚೀಟಿ. ಎರಡಕ್ಕೂ ತಾಳೆಯಾಗದಿದ್ದರೆ ಯಾವುದನ್ನೂ ಹರಿಯಬೇಡಿ; ಇನ್ನೊಬ್ಬ ಅಜ್ಜನನ್ನು ಕೇಳಿಬರುವ ತನಕ ಎರಡೂ ಅಲ್ಲೇ ಇರಲಿ.